ಎರೆಭೂಮಿಯ ಸವಳು, ಜಿಪ್ಸಂ ಮತ್ತು ಗರಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಬಹುಭಾಗ ಭೀಮಾ ಮತ್ತು ಕೃಷ್ಣೆಯರ ನಡುವಣ ಎರೆಭೂಮಿ. ಇವುಗಳ ನಡುವೆ ಹರಿಯುವ ಡೋಣಿಯ ನೀರು ಮೊದಲಿನಿಂದಲೂ ಸವಳಿಗೆ ಹೆಸರಾದುದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಬಂದ ಬಳಿಕ ನೀರು ಇಂಗದೆ ನಿಲ್ಲುವ ತಗ್ಗುಗಳಲ್ಲಿ ಸವಳು-ಜವಳಿನ ಸಮಸ್ಯೆ ಸೇರಿಕೊಂಡಿತು. ಶಾಲೆಯ ಆಟದ ಬಯಲು, ಗುಡಿಯ ಆವರಣ, ಕಚೇರಿಯ ಅಂಗಳಗಳಲ್ಲಿ ಹುಲ್ಲುಹಾಸು ಬೆಳೆಸುವವರು ಈ ನೆಲವನ್ನು ಎದುರಿಸಬೇಕಾಗುತ್ತದೆ.

ಇಲ್ಲಿ ಎರಡು ಬೇನೆಗಳನ್ನು ಒಂದೆಂದು ಎಣಿಸುವ ರೂಢಿಯಿದೆ. ಮಣ್ಣಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿದ್ದರೆ ಅದು ಕರಗುವ ಲವಣಗಳ ಆಧಿಕ್ಯ. ಸಾರದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮನ್ ಮೀರಿದಾಗ ಅದನ್ನು ಸವಳು ನೆಲವೆನ್ನುತ್ತಾರೆ. ಮೇಲ್ಮೈ ಕಪ್ಪಾಗಿ ಜಿಡ್ಡುಗಟ್ಟಿ, ಒಣಗಿದಾಗ ಕಲ್ಲಿನಂತಾಗಿ, ನೀರು ಹೀರದಿದ್ದರೆ ಅದು ಸೋಡಿಯಂ ಕೂಡಿದ ಕ್ಷಾರ. ಎರೆಮಣ್ಣಿನ ಉಬ್ಬುವ ಜೇಡಿಯಲ್ಲಿ ಸೋಡಿಯಂನ ಪಾಲು ಶೇ. 15 ತಲುಪುವ ಮೊದಲೇ ಈ ಕೇಡು ತೋರುವುದುಂಟು. ಜಿಪ್ಸಂ ಮದ್ದಾಗುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದಕ್ಕೆ ಹಾಕಿದ ಜಿಪ್ಸಂ ತಾನೂ ಒಂದು ಲವಣವೇ ಆಗಿ ಉಳಿಯುತ್ತದೆ.

ಇಲ್ಲಿಯ ಎರೆಯಲ್ಲಿ ಸುಣ್ಣದ ಹರಳುಗಳು ಹೇರಳವಾಗಿವೆ. ಆದರೂ ಕ್ಯಾಲ್ಸಿಯಂನ ಕೊರತೆಯೇ ಎಂಬ ಪ್ರಶ್ನೆ ಸಹಜ. ಕ್ಷಾರದಲ್ಲಿ ಸುಣ್ಣ ಕರಗದು. ಲೀಟರಿಗೆ ಎರಡೂವರೆ ಗ್ರಾಮಿನಷ್ಟು ಕರಗುವ ಜಿಪ್ಸಂ ಆ ಕ್ಯಾಲ್ಸಿಯಂನ್ನು ಒದಗಿಸಿ, ಜೇಡಿಗೆ ಅಂಟಿದ ಸೋಡಿಯಂನ್ನು ಬಿಡಿಸುತ್ತದೆ. ಗಂಧಕವೂ ಮಣ್ಣಿನ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಆಮ್ಲವಾಗಿ, ಅಲ್ಲಿಯ ಸುಣ್ಣವನ್ನೇ ಜಿಪ್ಸಂ ಆಗಿಸುತ್ತದೆ. ಆದರೆ ಅದು ನಿಧಾನದ ಮದ್ದು. ನೂರು ಗ್ರಾಂ ಮಣ್ಣಿನಲ್ಲಿ ಒಂದು ಮಿಲಿಈಕ್ವಿವಲೆಂಟ್ ಸೋಡಿಯಂ ತೆಗೆಯಲು 15 ಸೆಂ.ಮೀ. ಆಳಕ್ಕೆ ಗುಂಟೆಗೆ ಸುಮಾರು 17ರಿಂದ 19 ಕಿಲೋ ಶುದ್ಧ ಜಿಪ್ಸಂ ಬೇಕು. ಹುಲ್ಲು ನೆಡುವ ಮುನ್ನವೇ ಅದನ್ನು ಮಣ್ಣಿಗೆ ಬೆರೆಸುವುದು ಲೇಸು. ಬೆಳೆದ ಹಾಸಿನ ಮೇಲೆ ಚುಚ್ಚಿ ತೂತು ಮಾಡಿ, ಕಂತುಗಳಲ್ಲಿ ಎರಚಬೇಕಾಗುತ್ತದೆ.

ಬಿಡುಗಡೆಯಾದ ಸೋಡಿಯಂ ಹೊರಹೋಗದಿದ್ದರೆ ಇಷ್ಟೆಲ್ಲ ವ್ಯರ್ಥ. ಸಿಹಿನೀರು ಹಾಯಿಸಿ ಬಸಿಯಬೇಕು, ಬಸಿಗಾಲುವೆಯೂ ಇರಬೇಕು. ಕೆಳನೀರು ಮೇಲಿದ್ದಲ್ಲಿ ಬೇಸಿಗೆಯ ಬಿಸಿಲಿಗೆ ಲವಣ ಮತ್ತೆ ಮೇಲೇರುತ್ತದೆ. ಜಿಪ್ಸಂ ಚೀಲದ ವೆಚ್ಚ ಎಣಿಸುವವರು ಬಸಿಗಾಲುವೆಯದನ್ನು ಎಣಿಸದಿರುವುದೇ ಹೆಚ್ಚು.

ಜಿಯೋಲೈಟ್ ಎಂಬ ಖನಿಜವನ್ನು ಗಾಲ್ಫ್ ಅಂಗಣಗಳ ಮರಳುನೆಲಕ್ಕೆ ಬೆರೆಸುವುದುಂಟು. ಅದು ಪೋಷಕಾಂಶ ಹಿಡಿದಿಡಬಲ್ಲದು. ಜೇಡಿಯೇ ಆ ಕೆಲಸ ಮಾಡುವ ಎರೆಯಲ್ಲಿ ಅದರಿಂದ ದೊರೆವ ಲಾಭ ಅಲ್ಪ. ಗರಿಕೆಯ ವಿಷಯ ಬೇರೆ: 6.9 ಡೆಸಿಸೀಮನ್‌ವರೆಗೆ ಅದರ ಬೆಳವಣಿಗೆ ಕುಂದದು. ಹೊಲದಲ್ಲಿ ರೈತನಿಗೆ ಕಳೆಯಾಗಿ ಕಾಡುವ ಅದೇ ಗರಿಕೆ ಅಂಗಳದ ಹಾಸಿಗೆ ತಕ್ಕ ಹುಲ್ಲು.