ಗೋಡೆಗೂ ಒಂದು ಕಂಬಳಿ

ಮೇ ತಿಂಗಳಿನಲ್ಲಿ ದೆಹಲಿಯ ಉಷ್ಣಮಾನವು 45 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದುಂಟು. ಜನವರಿಯ ರಾತ್ರಿಗಳಲ್ಲಿ 4-5 ಡಿಗ್ರಿಗೆ ಇಳಿಯುವುದೂ ಉಂಟು. ಒಂದೇ ವರ್ಷದಲ್ಲಿ ಇಂತಹ ಎರಡು ವಿಪರೀತಗಳನ್ನು ಕಾಣುವ ಊರಿನಲ್ಲಿ ನಾವು ವಾಸಿಸುತ್ತಿದ್ದೇವೆ. ಆರ್.ಕೆ.ಪುರಂ ಎಂದು ನಾವೆಲ್ಲರೂ ಕರೆಯುವ ರಾಮಕೃಷ್ಣಪುರಂ ಬಡಾವಣೆಯ ಹಳೆಯ ಸರಕಾರಿ ವಸತಿಗೃಹಗಳಲ್ಲಿ ಬೇಸಗೆಯ ರಾತ್ರಿ ಪಡುವಣ ಗೋಡೆಯನ್ನು ಮುಟ್ಟಿ ನೋಡಿದರೆ ಅದು ಇನ್ನೂ ಬಿಸಿಯಾಗಿಯೇ ಇರುತ್ತದೆ. ಸೂರ್ಯನು ಮುಳುಗಿ ಹಲವು ಗಂಟೆಗಳಾದರೂ ಕೋಣೆ ತಣಿಯದು. ಇದಕ್ಕೆ ಕಾರಣವೇನು? ಇದನ್ನು ತಡೆಯುವ ಬಗೆ ಯಾವುದು?

ಉಷ್ಣವು ಹೆಚ್ಚು ಬಿಸಿಯಾದ ಕಡೆಯಿಂದ ಕಡಮೆ ಬಿಸಿಯಾದ ಕಡೆಗೆ ಹರಿಯುವುದು ನಿಸರ್ಗದ ನಿಯಮ. ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಯು ಈ ಹರಿವನ್ನು ನಿಲ್ಲಿಸುವುದಿಲ್ಲ, ತಡಮಾಡುತ್ತದೆ, ಅಷ್ಟೆ. ಮಧ್ಯಾಹ್ನ ಹೊರಮೈ ಹೀರಿದ ಬಿಸಿಯು ಒಳಮೈಯನ್ನು ಸೇರಲು ಆರೇಳು ಗಂಟೆ ಬೇಕು. ಆದುದರಿಂದಲೇ ನಾವು ಮಲಗುವ ಹೊತ್ತಿಗೆ ಗೋಡೆಯು ಒಲೆಯಂತಾಗಿರುತ್ತದೆ.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ವಿಜಯಪುರ, ಬಾಗಲಕೋಟೆಗಳ ಕಡೆಯ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣುಗಳ ಗೋಡೆಗಳು ಬಹಳ ದಪ್ಪ. ಮಾಳಿಗೆಯ ಮೇಲೂ ಮಣ್ಣಿನ ಹೊದಿಕೆ. ಹಗಲಿನ ಬಿಸಿಲು ಒಳಗೆ ಬರುವಷ್ಟರಲ್ಲಿ ಇರುಳಾಗಿ, ಹೊರಗಿನ ತಂಪು ಗೋಡೆಯನ್ನು ತಣಿಸತೊಡಗುತ್ತಿತ್ತು. ಆದರೆ ನಗರದ ಇಕ್ಕಟ್ಟಿನ ನಿವೇಶನಗಳಲ್ಲಿ ಅಷ್ಟು ದಪ್ಪದ ಗೋಡೆಗೆ ಎಡೆಯೆಲ್ಲಿ?

ಇಲ್ಲಿ ನಮಗೆ ದಾರಿ ತೋರುವುದು ಕಂಬಳಿ. ಕಂಬಳಿಯು ಬಿಸಿಯನ್ನು ಹುಟ್ಟಿಸುವುದೆಂದು ಅನೇಕರು ಭಾವಿಸುತ್ತಾರೆ. ಹಾಗಿದ್ದರೆ ಮಂಜುಗಡ್ಡೆಯನ್ನು ಮಾರುವವನು ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ಮರದ ಹೊಟ್ಟಿನಲ್ಲಿ ಹೂಳುವುದೇಕೆ? ಉಣ್ಣೆ, ಸೆಣಬು, ಹೊಟ್ಟು ಇವುಗಳ ಎಡೆಯೆಡೆಗಳಲ್ಲಿ ಕದಲದ ಗಾಳಿಯು ಸೆರೆಯಾಗಿರುತ್ತದೆ. ನಿಂತ ಗಾಳಿಯು ಉಷ್ಣವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಆದುದರಿಂದ ಅದೇ ಹೊದಿಕೆಯು ಚಳಿಯಲ್ಲಿ ನಮ್ಮ ಮೈಯ ಬಿಸಿಯನ್ನೂ ಬೇಸಗೆಯಲ್ಲಿ ಮಂಜುಗಡ್ಡೆಯ ತಂಪನ್ನೂ ಕಾಯುತ್ತದೆ.

ಗೋಡೆಗೆ ಹೊದಿಸುವ ಪದಾರ್ಥಗಳ ಗುಟ್ಟೂ ಇದೇ. ಕಲ್ಲನ್ನು ಕರಗಿಸಿ ನೂಲಿನಂತೆ ಎಳೆದ ಕಲ್ಲುಣ್ಣೆ, ಗಾಜಿನ ಉಣ್ಣೆ, ಬಿಳಿಯ ಥರ್ಮೋಕೋಲ್ ಇವೆಲ್ಲವೂ ಗಾಳಿಯ ಸೆರೆಮನೆಗಳೇ. ಇಟ್ಟಿಗೆಗೆ ಹೋಲಿಸಿದರೆ ಥರ್ಮೋಕೋಲ್ ಉಷ್ಣವನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಸಾಗಿಸುತ್ತದೆ. ಎಂದರೆ ಅದರ ಐದು ಸೆಂಟಿಮೀಟರ್ ಹಲಗೆಯು ಸುಮಾರು ಒಂದು ಮೀಟರ್ ದಪ್ಪದ ಇಟ್ಟಿಗೆಯ ಗೋಡೆಯಷ್ಟು ತಡೆಯೊಡ್ಡುತ್ತದೆ!

ಒಂದು ಲೆಕ್ಕವನ್ನು ಮಾಡಿ ನೋಡೋಣ. ಹತ್ತು ಚದರ ಮೀಟರಿನ ಗೋಡೆ. ಹೊರಗೆ 45 ಡಿಗ್ರಿ, ಒಳಗೆ 30 ಡಿಗ್ರಿ. ಒಂಬತ್ತು ಅಂಗುಲದ ಬರಿಯ ಇಟ್ಟಿಗೆಯ ಮೂಲಕ ಸುಮಾರು 300 ವ್ಯಾಟ್ ಉಷ್ಣವು ಒಳಗೆ ಹರಿಯುತ್ತದೆ. ಆ ಐದು ಸೆಂಟಿಮೀಟರಿನ ಹೊದಿಕೆಯನ್ನು ಹಾಕಿದರೆ ಅದು ಸುಮಾರು 80 ವ್ಯಾಟಿಗೆ ಇಳಿಯುತ್ತದೆ. ಹವಾನಿಯಂತ್ರಕ ಯಂತ್ರವು ಹೊರದೂಡಬೇಕಾದ ಬಿಸಿಯು ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ.

ಹೊದಿಕೆಯನ್ನು ಗೋಡೆಯ ಹೊರಮೈಗೆ ಹಾಕುವುದು ಲೇಸು. ಆಗ ಇಟ್ಟಿಗೆಯೇ ಬಿಸಿಲಿಗೆ ಕಾಯದು. ಮಳೆಯ ನೀರು ಒಳಸೇರದಂತೆ ಮೇಲೆ ಗಾರೆ ಬಳಿಯಬೇಕು. ನೆನೆದ ಕಂಬಳಿ ಬೆಚ್ಚಗಿರದಷ್ಟೆ! ಬೆಂಕಿಯ ವಿಷಯದಲ್ಲಿಯೂ ಎಚ್ಚರ ಬೇಕು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರದ ಹೊರಗೋಡೆಯ ಹೊದಿಕೆಗೆ ಬೆಂಕಿ ಹತ್ತಿ 72 ಮಂದಿ ಅಸುನೀಗಿದರು. ಕಲ್ಲುಣ್ಣೆಯು ಉರಿಯುವುದಿಲ್ಲ, ಎತ್ತರದ ಕಟ್ಟಡಗಳಿಗೆ ಅಂತಹುದೇ ತಕ್ಕುದು.

ಇದು ಒಂದು ಮನೆಯ ಸುಖದ ಮಾತು ಮಾತ್ರವಲ್ಲ. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆಯು 8,656 ಮೆಗಾವ್ಯಾಟಿಗೆ ಏರಿತು. ಒಬ್ಬರ ಯಂತ್ರವು ಕೋಣೆಯಿಂದ ಹೊರದೂಡಿದ ಬಿಸಿಯು ಬೀದಿಗೆ ಬೀಳುತ್ತದೆ. ಯಂತ್ರವನ್ನು ಕೊಳ್ಳಲಾರದ ನೆರೆಯವರು ಅದೇ ಗಾಳಿಯಲ್ಲಿ ಮಲಗಬೇಕು. ಇದನ್ನು ಮನಗಂಡೇ ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿಯನ್ನು ಹೊರಡಿಸಿ, ಹೊಸ ಮನೆಗಳ ಗೋಡೆ ಕಿಟಕಿಗಳ ಮೂಲಕ ಎಷ್ಟು ಉಷ್ಣ ಒಳಬರಬಹುದೆಂಬುದಕ್ಕೆ ಮಿತಿಯನ್ನು ಸೂಚಿಸಿತು.

ಸರಕಾರಿ ವಸತಿಗೃಹದ ಗೋಡೆಯನ್ನು ನಾವಾಗಿ ಬದಲಿಸುವಂತಿಲ್ಲ, ನಿಜ. ಆದರೂ ನಮ್ಮ ಕೈಯಲ್ಲಿ ಆಗುವುದು ಕೆಲವುಂಟು. ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿಯನ್ನು ಇಳಿಬಿಡಬಹುದು; ಪುಸ್ತಕದ ಕಪಾಟನ್ನು ಆ ಗೋಡೆಗೆ ಒತ್ತಿ ಇರಿಸಬಹುದು; ಹಗಲು ಕಿಟಕಿಗಳನ್ನು ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆಯಬಹುದು. ನಾಳೆ ನಮ್ಮಲ್ಲಿ ಕೆಲವರು ಮನೆ ಕಟ್ಟುವ ಎಂಜಿನಿಯರರಾಗುವೆವು, ಕೆಲವರು ಮನೆ ಕಟ್ಟಿಸುವವರಾಗುವೆವು. ಆಗ ಯಂತ್ರದ ಬೆಲೆಯನ್ನು ವಿಚಾರಿಸುವ ಮೊದಲು ಗೋಡೆಯನ್ನು ವಿಚಾರಿಸುವ ವಿವೇಕವನ್ನು ಇಂದೇ ಕಲಿತುಕೊಳ್ಳೋಣ.