ವರ್ಗಾವಣೆಯ ಬದುಕು, ಮಗುವಿನ ಶಾಲೆ: ಸೇನಾ ನೆಲೆಗೆ ಹೊಸದಾಗಿ ಬರುವವರು ತಿಳಿಯಬೇಕಾದ ನಿಯಮಗಳು

ಸೈನಿಕರ ಸೇವೆಯಲ್ಲಿ ಕೆಲವು ವರ್ಷಗಳಿಗೊಮ್ಮೆ ನೆಲೆ ಬದಲಾಗುವುದು ಸಹಜ. ಆದರೆ ತಂದೆ ಅಥವಾ ತಾಯಿಯ ಕೈಗೆ ಬರುವ ಒಂದೇ ಆದೇಶದಿಂದ ಮಗುವಿನ ಪಠ್ಯಕ್ರಮ, ಬೋಧನಾ ಮಾಧ್ಯಮ, ಕಲಿಯಬೇಕಾದ ಭಾಷೆ ಮತ್ತು ಗೆಳೆಯರ ಬಳಗ ಒಮ್ಮೆಲೇ ಬದಲಾಗಿಬಿಡುತ್ತವೆ. ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರವಿರುವ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನ ನೆಲೆಯಾದ ಬೆಂಗಳೂರು, ವಾಯುಪಡೆಯ ಬೀದರ್ ಹಾಗೂ ನೌಕಾಪಡೆಯ ಕಾರವಾರಕ್ಕೆ ದೇಶದ ನಾನಾ ಭಾಗಗಳಿಂದ ಇಂಥ ಕುಟುಂಬಗಳು ಬರುತ್ತಿರುತ್ತವೆ. ಇಲ್ಲಿಯ ಕುಟುಂಬಗಳು ಅಸ್ಸಾಂ, ಪಂಜಾಬ್, ರಾಜಸ್ಥಾನಗಳಿಗೆ ಹೋಗುತ್ತವೆ. ದೇಶದ ಅಗತ್ಯಕ್ಕಾಗಿ ನಡೆಯುವ ಈ ವರ್ಗಾವಣೆಯ ಭಾರ ಮಗುವಿನ ಕಲಿಕೆಯ ಮೇಲೆ ಬೀಳಬಾರದು ಎಂಬ ಆಶಯದಿಂದಲೇ ಹಲವು ಶಾಲಾ ವ್ಯವಸ್ಥೆಗಳೂ ನಿಯಮಗಳೂ ರೂಪುಗೊಂಡಿವೆ. ಅವುಗಳನ್ನು ಮೊದಲೇ ತಿಳಿದಿರುವ ಕುಟುಂಬಕ್ಕೆ ಮಾತ್ರ ಅವುಗಳ ಪೂರ್ಣ ಪ್ರಯೋಜನ ದೊರೆಯುತ್ತದೆ.

ಈ ವ್ಯವಸ್ಥೆಗಳಲ್ಲಿ ಅತ್ಯಂತ ವ್ಯಾಪಕವಾದುದು ಕೇಂದ್ರೀಯ ವಿದ್ಯಾಲಯ. ಎರಡನೆಯ ವೇತನ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ 1962ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಯೋಜನೆಯಂತೆ, ಸೇನಾ ನೆಲೆಗಳಲ್ಲಿದ್ದ 20 ರೆಜಿಮೆಂಟಲ್ ಶಾಲೆಗಳನ್ನು 1963-64ರಲ್ಲಿ ವಹಿಸಿಕೊಳ್ಳುವ ಮೂಲಕ ಇದು ಆರಂಭವಾಯಿತು. 1965ರ ಡಿಸೆಂಬರಿನಲ್ಲಿ ಇದನ್ನು ನಡೆಸಲು ಪ್ರತ್ಯೇಕ ಸಂಘಟನೆ ನೋಂದಣಿಗೊಂಡಿತು. ದೇಶದಾದ್ಯಂತ ಒಂದೇ ಪಠ್ಯಕ್ರಮ, ಹಿಂದಿ ಮತ್ತು ಇಂಗ್ಲಿಷ್ ಬೋಧನಾ ಮಾಧ್ಯಮ ಹಾಗೂ ಒಂದೇ ಬಗೆಯ ಪರೀಕ್ಷಾ ಕ್ರಮ ಇರುವುದರಿಂದ, ಜೋಧಪುರದಲ್ಲಿ ಅರ್ಧಕ್ಕೆ ನಿಂತ ಪಾಠವನ್ನು ಬೆಳಗಾವಿಯಲ್ಲಿ ಮುಂದುವರಿಸುವುದು ಸಾಧ್ಯವಾಗುತ್ತದೆ. ಪ್ರವೇಶದಲ್ಲಿ ಕೇಂದ್ರ ಸರ್ಕಾರಿ ನೌಕರರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಮೊದಲ ಆದ್ಯತೆಯಿದ್ದು, ಹಿಂದಿನ 7 ವರ್ಷಗಳಲ್ಲಿ ಪೋಷಕರಿಗೆ ಆದ ವರ್ಗಾವಣೆಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಆದ್ದರಿಂದ ಹಳೆಯ ವರ್ಗಾವಣೆ ಆದೇಶಗಳ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಅಗತ್ಯ.

ಭೂಸೇನೆಯ ಕುಟುಂಬಗಳಿಗೆ ಇರುವ ಮತ್ತೊಂದು ಆಸರೆ ಆರ್ಮಿ ಪಬ್ಲಿಕ್ ಸ್ಕೂಲ್. 1983ರಲ್ಲಿ ಸ್ಥಾಪನೆಯಾದ ಸೇನಾ ಕಲ್ಯಾಣ ಶಿಕ್ಷಣ ಸಂಸ್ಥೆಯ ಅಡಿಯಲ್ಲಿ ನಡೆಯುವ ಈ ಶಾಲೆಗಳು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ, ಅಂದರೆ ಸಿಬಿಎಸ್‌ಇಯ, ಪಠ್ಯಕ್ರಮವನ್ನು ಅನುಸರಿಸುತ್ತವೆ. ಸೇನೆಯವರ ಮಕ್ಕಳಿಗೆ ಮೊದಲ ಆದ್ಯತೆ ನೀಡಿ, ಸ್ಥಳವಿದ್ದಲ್ಲಿ ನಾಗರಿಕರ ಮಕ್ಕಳನ್ನೂ ಸೇರಿಸಿಕೊಳ್ಳುತ್ತವೆ. ನೌಕಾಪಡೆ ಮತ್ತು ವಾಯುಪಡೆಗಳೂ ತಮ್ಮದೇ ಶಾಲೆಗಳನ್ನು ನಡೆಸುತ್ತವೆ. ಪದೇಪದೇ ಶಾಲೆ ಬದಲಿಸುವುದೇ ಬೇಡವೆನ್ನುವವರಿಗೆ ವಸತಿ ಶಾಲೆಗಳಿವೆ: ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳಿಗೂ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೂ 6 ಮತ್ತು 9ನೆಯ ತರಗತಿಗಳಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದು.

ಶಾಲೆ ಯಾವುದೇ ಇರಲಿ, ಹೊಸಬರು ಮೊದಲು ಗಮನಿಸಬೇಕಾದುದು ವಯಸ್ಸು ಮತ್ತು ಶೈಕ್ಷಣಿಕ ವರ್ಷ. ಕೇಂದ್ರೀಯ ವಿದ್ಯಾಲಯದ 1ನೆಯ ತರಗತಿಗೆ ಮಾರ್ಚ್ 31ಕ್ಕೆ 6 ವರ್ಷ ತುಂಬಿರಬೇಕು. ಕರ್ನಾಟಕ ಸರ್ಕಾರದ ನಿಯಮ ಜೂನ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡಿದೆ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲಿನಲ್ಲಿ ಆರಂಭವಾದರೆ ರಾಜ್ಯ ಪಠ್ಯಕ್ರಮದ ಶಾಲೆಗಳು ಬೇಸಿಗೆ ರಜೆಯ ಬಳಿಕ ತೆರೆಯುತ್ತವೆ. ಇನ್ನು 10 ಮತ್ತು 12ನೆಯ ತರಗತಿಗಳಲ್ಲಿ ಶಾಲೆ ಬದಲಿಸಲು ಸಿಬಿಎಸ್‌ಇಯ ಅನುಮತಿ ಬೇಕಾಗುತ್ತದೆ. ಪೋಷಕರ ವರ್ಗಾವಣೆ ಅದಕ್ಕೆ ಮಾನ್ಯವಾದ ಕಾರಣವಾದರೂ ದಾಖಲೆಗಳನ್ನು ಸಕಾಲಕ್ಕೆ ಸಲ್ಲಿಸದಿದ್ದರೆ ಪರೀಕ್ಷೆಯ ನೋಂದಣಿಯೇ ತೊಡಕಿಗೆ ಸಿಲುಕಬಹುದು.

ಈ ಹಂತದಲ್ಲಿ ನೆರವಿಗೆ ಬರುವುದು 2009ರ ಶಿಕ್ಷಣ ಹಕ್ಕು ಕಾಯ್ದೆ. ಈ ಕಾಯ್ದೆಯ 5ನೆಯ ವಿಧಿಯ ಪ್ರಕಾರ 6ರಿಂದ 14 ವರ್ಷದ ಮಗು ಯಾವುದೇ ಕಾರಣದಿಂದ ಊರು ಬಿಡಬೇಕಾಗಿ ಬಂದರೆ ರಾಜ್ಯದ ಒಳಗಾಗಲಿ ಹೊರಗಾಗಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೋರುವ ಹಕ್ಕು ಪಡೆದಿದೆ; ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು, ಅಂದರೆ ಟಿ.ಸಿ.ಯನ್ನು, ತಡಮಾಡದೆ ಕೊಡಬೇಕು, ಅದು ಬರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕೇಂದ್ರೀಯ ವಿದ್ಯಾಲಯ, ಸೈನಿಕ ಶಾಲೆ ಮತ್ತು ಅನುದಾನರಹಿತ ಖಾಸಗಿ ಶಾಲೆಗಳು ಈ ವರ್ಗಾವಣೆ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಅಲ್ಲಿ ಸೀಟು ಸಿಗುವವರೆಗೆ ಮಗುವನ್ನು ಮನೆಯಲ್ಲಿ ಕೂರಿಸುವ ಬದಲು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸುವ ದಾರಿ ಸದಾ ತೆರೆದಿರುತ್ತದೆ ಎಂಬುದನ್ನು ಪೋಷಕರು ಮರೆಯಬಾರದು.

ಖರ್ಚಿನ ಮಟ್ಟಿಗೆ ಮಕ್ಕಳ ಶಿಕ್ಷಣ ಭತ್ಯೆ ಒಂದಿಷ್ಟು ಆಸರೆ ನೀಡುತ್ತದೆ. ಏಳನೆಯ ವೇತನ ಆಯೋಗದ ನಂತರ ತಿಂಗಳಿಗೆ 2,250 ರೂಪಾಯಿಯಾಗಿದ್ದ ಈ ಮೊತ್ತ, ತುಟ್ಟಿಭತ್ಯೆ ಶೇ 50ನ್ನು ಮುಟ್ಟಿದ ಕಾರಣ 2024ರ ಜನವರಿಯಿಂದ 2,812.50 ರೂಪಾಯಿಗೆ ಏರಿತು. ಇದು ಸಾಮಾನ್ಯವಾಗಿ ಇಬ್ಬರು ಮಕ್ಕಳಿಗೆ ಸೀಮಿತವಾಗಿದ್ದು, ವಸತಿ ಶಾಲೆಯಲ್ಲಿರುವವರಿಗೆ ಹಾಸ್ಟೆಲ್ ಸಹಾಯಧನದ ಅವಕಾಶವೂ ಇದೆ.

ಶಾಲೆಯ ಆಚೆಗೂ ಸೇನಾ ನೆಲೆಯ ಬದುಕಿಗೆ ತನ್ನದೇ ಕಟ್ಟಳೆಗಳಿವೆ. ಕರ್ನಾಟಕದಲ್ಲಿ ದಂಡುಮಂಡಳಿ ಉಳಿದಿರುವುದು ಬೆಳಗಾವಿಯಲ್ಲಿ ಮಾತ್ರ. ಬೆಂಗಳೂರಿನ ದಂಡು ಪ್ರದೇಶ 1949ರಲ್ಲಿಯೇ ನಗರಪಾಲಿಕೆಯೊಂದಿಗೆ ಸೇರಿಹೋಯಿತು. 2006ರ ಕಂಟೋನ್ಮೆಂಟ್ ಕಾಯ್ದೆಯಂತೆ ನಡೆಯುವ ದಂಡುಮಂಡಳಿಗೆ ಆ ನೆಲೆಯ ಸೇನಾ ಮುಖ್ಯಸ್ಥರೇ ಅಧ್ಯಕ್ಷರಾಗಿರುತ್ತಾರೆ, ಮತ್ತು ನೀರು, ನೈರ್ಮಲ್ಯ, ಬೀದಿದೀಪ, ಕಟ್ಟಡ ಪರವಾನಗಿ, ಪ್ರಾಥಮಿಕ ಶಾಲೆಗಳಂಥ ನಾಗರಿಕ ಹೊಣೆಗಳು ಈ ಮಂಡಳಿಯವು. ಕಾವಲಿರುವ ಸೇನಾ ಆವರಣದೊಳಗೆ ಗುರುತಿನ ಚೀಟಿ ಇಲ್ಲದೆ ಪ್ರವೇಶವಿಲ್ಲ, ನಿಷೇಧಿತ ಸ್ಥಳಗಳಲ್ಲಿ ಫೋಟೊ ತೆಗೆಯುವಂತಿಲ್ಲ, ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಮೊಬೈಲ್ ಕೈಯಲ್ಲಿ ಹಿಡಿದು ಓಡಾಡುವ ಮಕ್ಕಳಿಗೆ ಇವುಗಳನ್ನು ಮೊದಲ ವಾರದಲ್ಲಿಯೇ ತಿಳಿಹೇಳುವುದು ಒಳಿತು.

ನಿಯಮಗಳು ಇನ್ನೂ ಪೂರ್ತಿಯಾಗಿ ಬಗೆಹರಿಸದ ವಿಷಯವೆಂದರೆ ಭಾಷೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಇಲ್ಲವೇ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ಹೇಳುತ್ತದೆ; ಆದರೆ ನಾಲ್ಕನೆಯ ತರಗತಿಯ ನಡುವೆ ಪಂಜಾಬಿನಿಂದ ಬಂದ ಮಗು ಅಕ್ಷರಮಾಲೆಯಿಂದಲೇ ಆರಂಭಿಸಬೇಕಾಗುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಕಷ್ಟವೂ ಅಷ್ಟೇ ನಿಜ: ತಂದೆಯ ಸೇವೆಯುದ್ದಕ್ಕೂ ಹೊರರಾಜ್ಯಗಳಲ್ಲಿ ಓದಿದ ಬೆಳಗಾವಿಯ ಅಥವಾ ಕೊಡಗಿನ ಮಗು, ನಿವೃತ್ತಿಯ ಬಳಿಕ ಸ್ವಂತ ಊರಿಗೆ ಮರಳಿದಾಗ ಕನ್ನಡ ಬರೆಯಲು ತಡವರಿಸುತ್ತದೆ. ಇಬ್ಬರಿಗೂ ಬೇಕಾದುದು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕುಳಿತೇ ಹಿಂದುಳಿದ ಭಾಗವನ್ನು ತುಂಬಿಕೊಳ್ಳುವ ವಿಶೇಷ ಪಾಠ. ಶಾಲೆಯ ಹೊರಗೆ ಉಳಿದಿದ್ದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ವಿಧಿ ಇಂಥ ವಿಶೇಷ ತರಬೇತಿಯನ್ನು ಈಗಾಗಲೇ ಒದಗಿಸಿದೆ. ಅದೇ ತತ್ತ್ವವನ್ನು ವರ್ಗಾವಣೆಯ ಮಕ್ಕಳಿಗೂ ವಿಸ್ತರಿಸಿ, ವರ್ಷದ ನಡುವೆ ಬಂದ ವಿದ್ಯಾರ್ಥಿಗೆ ಕೆಲವು ತಿಂಗಳ ಭಾಷಾ ತರಬೇತಿಯನ್ನು ಪ್ರತಿ ಶಾಲೆಯೂ ನೀಡುವಂತಾದರೆ, ಗಡಿ ಕಾಯುವವರ ಮಕ್ಕಳಿಗೆ ಈ ನಾಡು ಸಲ್ಲಿಸಬಹುದಾದ ಅತ್ಯಂತ ಉಪಯುಕ್ತವಾದ ಗೌರವ ಅದೇ ಆಗುತ್ತದೆ.