ಹಲ್ಲು ಬೆಳ್ಳಗಾದರೂ ಪಿಂಗಾಣಿ ಬದಲಾಗದು

ಮುಂಭಾಗದ ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಹಾಕಿಸಿಕೊಂಡವರು ಆಮೇಲೆ ಹಲ್ಲುಗಳನ್ನು ಬಿಳುಪು ಮಾಡಿಸಿಕೊಂಡರೆ ಏನಾಗುತ್ತದೆ? ಅಕ್ಕಪಕ್ಕದ ಹಲ್ಲುಗಳು ಬೆಳ್ಳಗಾಗುತ್ತವೆ; ಕ್ಯಾಪ್ ಮಾತ್ರ ಹಳೆಯ ಬಣ್ಣದಲ್ಲೇ ಉಳಿದು ಎದ್ದು ಕಾಣುತ್ತದೆ.

ಇದಕ್ಕೆ ಕಾರಣ ಬಣ್ಣದ ಮೂಲದಲ್ಲಿದೆ. ಹಲ್ಲಿನ ಕಲೆಗಳಲ್ಲಿರುವ ಸಾವಯವ ಅಣುಗಳು ನೀಲಿ ಬೆಳಕನ್ನು ಹೀರುವುದರಿಂದ ಹಲ್ಲು ಹಳದಿಯಾಗಿ ತೋರುತ್ತದೆ. ಚೆಲುವೆಕಾರಿಯಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಎನಾಮಲ್ ಮೂಲಕ ಒಳಗಿನ ಡೆಂಟೀನ್‌ವರೆಗೆ ವ್ಯಾಪಿಸಿ ಈ ಅಣುಗಳನ್ನು ಉತ್ಕರ್ಷಿಸುತ್ತದೆ. ಆಗ ಅವು ಬೆಳಕನ್ನು ಹೀರುವುದು ಕಡಿಮೆಯಾಗುತ್ತದೆ. ಪಿಂಗಾಣಿಗೆ ಬಣ್ಣ ಕೊಡುವುದು ಲೋಹಗಳ ಆಕ್ಸೈಡುಗಳು. ನೂರಾರು ಡಿಗ್ರಿ ಉಷ್ಣತೆಯಲ್ಲಿ ಗಾಜಿನೊಂದಿಗೆ ಬೆಸೆದುಕೊಂಡ ಇವುಗಳ ಮೇಲೆ ಪೆರಾಕ್ಸೈಡಿನ ಆಟ ನಡೆಯದು.

ಹಾಗೆಂದು ಪಿಂಗಾಣಿಗೆ ಅಪಾಯವೇ ಇಲ್ಲವೆನ್ನಲಾಗದು. ಕೆಲವು ಪ್ರಯೋಗಗಳಲ್ಲಿ ಅದರ ಮೇಲ್ಮೈ ತುಸು ಒರಟಾದದ್ದು ಕಂಡುಬಂದಿದೆ; ಇನ್ನು ಕೆಲವುಗಳಲ್ಲಿ ಗಮನಾರ್ಹ ಬದಲಾವಣೆ ಕಂಡಿಲ್ಲ. ಮೇಲ್ಮೈ ಒರಟಾದರೆ ಬೆಳಕು ಚದುರಿ ಹೊಳಪು ತಗ್ಗುತ್ತದೆ, ಕೊಳೆಯೂ ಬೇಗ ಅಂಟುತ್ತದೆ. ಮನೆಯಲ್ಲಿ ಬಳಸುವ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್‌ನಿಂದ ಬಿಡುಗಡೆಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ. 3.5 ಮಾತ್ರ, ಚಿಕಿತ್ಸಾಲಯದ ಲೇಪಗಳಲ್ಲಿ ಇದು ಶೇ. 35ರಷ್ಟೂ ಇರಬಹುದು.

ಆದ್ದರಿಂದ ಎರಡೂ ಬೇಕೆನ್ನುವವರು ಮೊದಲು ಹಲ್ಲು ಬಿಳುಪು ಮಾಡಿಸಿಕೊಂಡು, ಸುಮಾರು 2 ವಾರ ಕಾಯ್ದು, ಆ ಬಣ್ಣಕ್ಕೆ ಹೊಂದುವ ಕ್ಯಾಪ್ ಹಾಕಿಸಿಕೊಳ್ಳುವುದು ಲೇಸು. ಅಷ್ಟರಲ್ಲಿ ಹಲ್ಲಿನ ಬಣ್ಣ ಸ್ಥಿರಗೊಳ್ಳುತ್ತದೆ. ರೆಸಿನ್ ಅಂಟು ಗಟ್ಟಿಯಾಗಲು ಅಡ್ಡಿಯಾಗುವ ಆಮ್ಲಜನಕವೂ ಹಲ್ಲಿನಿಂದ ಹೊರಹೋಗಿರುತ್ತದೆ. ಈಗಾಗಲೇ ಕ್ಯಾಪ್ ಇರುವವರು ಅದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಬಣ್ಣ ಹೊಂದದಿದ್ದರೆ ಕ್ಯಾಪನ್ನೇ ಬದಲಿಸುವ ಖರ್ಚು ಬಂದೀತು.